ಆರು ವರ್ಷದ ಮಗನ ಸೀನು, ಮನೆಮದ್ದು ಮತ್ತು ಸ್ಪ್ರೇ ಭಯ

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ನಾವು ತೀರ್ಥಹಳ್ಳಿ ಕಡೆಯವರು, ಎರಡು ವರ್ಷದ ಹಿಂದೆ ಬೆಂಗಳೂರಿಗೆ ಬಂದೆವು. ಇಲ್ಲಿಗೆ ಬಂದ ಮೇಲೆ ಅವನಿಗೆ ಬೆಳಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು, ಮೂಗು ತುರಿಕೆ, ನೀರಿನಂಥ ಸಿಂಬಳ. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಗೆರೆ ಬಿದ್ದಿದೆ. ರಾತ್ರಿ ಬಾಯಿ ತೆರೆದು ಮಲಗುತ್ತಾನೆ. ಜ್ವರ ಇಲ್ಲ, ಉಬ್ಬಸ ಇಲ್ಲ. ಡಾಕ್ಟರು ಅಲರ್ಜಿ ಅಂದರು. ಒಂದು ಸಿರಪ್, ಒಂದು ಮೂಗಿನ ಸ್ಪ್ರೇ ಬರೆದುಕೊಟ್ಟರು. ಸ್ಪ್ರೇನಲ್ಲಿ ಸ್ಟಿರಾಯ್ಡ್ ಇದೆ ಅಂತ ಗೊತ್ತಾಗಿ ಎರಡು ದಿನಕ್ಕೇ ನಿಲ್ಲಿಸಿದೆ. ಅತ್ತೆ ದೊಡ್ಡಪತ್ರೆ ರಸ, ಕಾಳುಮೆಣಸಿನ ಕಷಾಯ ಕೊಡುತ್ತಾರೆ. ಊರಲ್ಲಿ ಯಾವ ಮಗುವಿಗೂ ಹೀಗೆ ಆಗಿರಲಿಲ್ಲ ಅನ್ನುತ್ತಾರೆ. ಮೊಸರು, ಬಾಳೆಹಣ್ಣು, ಕಿತ್ತಳೆ ಪೂರ್ತಿ ಬಂದ್ ಮಾಡಿದ್ದೇವೆ. ಕಾಡಿನ ಜೇನು ದಿನಾ ತಿಂದರೆ ಅಲರ್ಜಿ ಹೋಗುತ್ತೆ ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ಇನ್ನೂರಕ್ಕೂ ಹೆಚ್ಚು ಆಹಾರದ ಅಲರ್ಜಿ ಪತ್ತೆ ಮಾಡುವ ರಕ್ತಪರೀಕ್ಷೆಯ ಜಾಹೀರಾತೂ ನೋಡಿದೆ. ಔಷಧಿ ಇಲ್ಲದೆ, ನೈಸರ್ಗಿಕವಾಗಿಯೇ ಇದನ್ನು ಹತೋಟಿಗೆ ತರಲು ಆಗುತ್ತಾ? ಎಂಟು ತಿಂಗಳ ಮಗಳೂ ಇದ್ದಾಳೆ, ಅವಳ ಕೆನ್ನೆಯ ಮೇಲೆ ಸ್ವಲ್ಪ ಇಸುಬು ಇದೆ. ಅವಳಿಗೂ ಹೀಗೇ ಆಗುತ್ತಾ ಅಂತ ಭಯ. ಇನ್ನೊಂದು ಮಾತು: ಸಿರಪ್ ಶುರು ಮಾಡಿದ ಮೇಲೆ ಮಗ ರಾತ್ರಿ ಬೆಚ್ಚಿಬಿದ್ದು ಅಳುತ್ತಾನೆ. ಅತ್ತೆ ದೃಷ್ಟಿ ತೆಗೆದಿದ್ದಾರೆ.

ಉತ್ತರ: ನೀವು ಕೊನೆಗೆ ಸುಮ್ನೆ ಸೇರಿಸಿದ ಹಾಗೆ ಬರೆದ ಮಾತಿದೆಯಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ದೃಷ್ಟಿ ತೆಗೆದಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಮೊದಲು ಆ ಸಿರಪ್ ಬಾಟಲಿ ತಂದು ಲೇಬಲ್ ಓದಿ. ಮಾಂಟೆಲುಕಾಸ್ಟ್ ಅನ್ನುವ ಹೆಸರು ಇದೆಯಾ? ಅದು ಅಸ್ತಮಾಕ್ಕೂ ಅಲರ್ಜಿಗೂ ಕೊಡುವ ಮದ್ದು. ಸೀನು, ತುರಿಕೆ ತಗ್ಗಿಸುವ ಲಿವೋಸೆಟ್ರಿಜಿನ್ ಜೊತೆ ಇದನ್ನು ಸೇರಿಸಿದ ಸಿರಪ್ ನಮ್ಮಲ್ಲಿ ಮಕ್ಕಳ ನೆಗಡಿಗೆ ಬಹಳ ಬರೆಯುತ್ತಾರೆ. ಮೆಡಿಕಲ್ ಶಾಪ್‌ನಲ್ಲಿ ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ತಂದು ಹಾಕುವವರೂ ಇದ್ದಾರೆ. ಕೆಲವು ಮಕ್ಕಳಲ್ಲಿ ಮಾಂಟೆಲುಕಾಸ್ಟ್‌ನಿಂದ ಕೆಟ್ಟ ಕನಸು, ನಿದ್ದೆಗೇಡು, ಸಿಡುಕು, ಹಠ, ಮಂಕು ಕಾಣಿಸಿಕೊಳ್ಳುತ್ತದೆ. ಅಮೆರಿಕದ ಔಷಧ ನಿಯಂತ್ರಕರಾದ ಎಫ್‌ಡಿಎ 2020ರ ಮಾರ್ಚ್‌ನಲ್ಲಿ ಈ ಮದ್ದಿಗೆ ತಮ್ಮ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿದರು. ಬರೀ ಮೂಗಿನ ಅಲರ್ಜಿ ಇದ್ದರೆ, ಬೇರೆ ಮದ್ದು ಕೆಲಸ ಮಾಡದಿದ್ದಾಗ ಅಥವಾ ಒಗ್ಗದಿದ್ದಾಗ ಮಾತ್ರ ಇದನ್ನು ಬಳಸಿ ಎಂದೂ ಹೇಳಿದರು.

ಈ ವಯಸ್ಸಲ್ಲಿ ರಾತ್ರಿ ಬೆಚ್ಚಿಬೀಳುವುದು ಮದ್ದಿಲ್ಲದೆಯೂ ಆಗುತ್ತದೆ. ಮೂಗು ಕಟ್ಟಿದ ಮಗುವಿಗೆ ನಿದ್ದೆ ಹೇಗೂ ಸರಿ ಇರುವುದಿಲ್ಲ. ಆದರೆ ಸಿರಪ್ ಶುರುವಾದ ಮೇಲೆ ಇದು ಶುರುವಾಗಿದೆ ಅಂತ ನೀವೇ ಗಮನಿಸಿದ್ದೀರಿ. ಅದನ್ನು ತಳ್ಳಿಹಾಕಬೇಡಿ. ಬರೆದುಕೊಟ್ಟ ಡಾಕ್ಟರಿಗೆ ನಾಳೆಯೇ ಫೋನ್ ಮಾಡಿ ಹೇಳಿ. ಉಬ್ಬಸ ಇಲ್ಲದ ಮಗುವಿಗೆ ಇದನ್ನು ನಿಲ್ಲಿಸಿ, ಬರೀ ಲಿವೋಸೆಟ್ರಿಜಿನ್ ಅಥವಾ ಸೆಟ್ರಿಜಿನ್ ಕೊಡಲು ಸಾಮಾನ್ಯವಾಗಿ ಯಾರೂ ಹಿಂದೇಟು ಹಾಕುವುದಿಲ್ಲ.

ನೋಡಿ, ನೀವು ಸ್ಪ್ರೇಗೆ ಹೆದರಿ ಸಿರಪ್ ಉಳಿಸಿಕೊಂಡಿರಿ. ನನ್ನನ್ನು ಕೇಳಿದ್ದರೆ ಉಲ್ಟಾ ಹೇಳುತ್ತಿದ್ದೆ.

ಸ್ಪ್ರೇ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆಗುತ್ತಿರುವುದೇನು ಅಂತ ನೋಡೋಣ. ನೀವು ಬರೆದಿರುವ ಲಕ್ಷಣಗಳು ಅಲರ್ಜಿ ನೆಗಡಿಯವೇ. ವೈರಸ್ ನೆಗಡಿ ಆಗಿದ್ದರೆ ಒಂದೆರಡು ದಿನ ಮೈ ಬೆಚ್ಚಗಾಗಿ, ಗಂಟಲು ಕೆರೆದು, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಶಾಲೆಗೆ ಹೋಗುವ ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಅಂಥ ನೆಗಡಿ ಬರುವುದು ಮಾಮೂಲು. ಅಲರ್ಜಿ ಆದರೆ ಜ್ವರ ಇರುವುದಿಲ್ಲ, ತುರಿಕೆ ಇರುತ್ತದೆ, ಸೀನು ಒಂದರ ಹಿಂದೆ ಒಂದು ಬರುತ್ತದೆ, ತಿಂಗಳುಗಟ್ಟಲೆ ಎಳೆಯುತ್ತದೆ. ಮೂಗಿನ ಮೇಲೆ ಅಡ್ಡ ಗೆರೆ ಬೀಳುವುದು ನಮಗೆ ಬಹಳ ನಂಬಿಕೆಯ ಗುರುತು. ಕಣ್ಣ ಕೆಳಗೂ ಕಪ್ಪಾಗಿದೆಯಾ ನೋಡಿ. ನಿದ್ದೆಗೆಟ್ಟಿದ್ದಕ್ಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೂಗು ಕಟ್ಟಿ ಅಲ್ಲಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ನಿಂತರೂ ಹಾಗೇ ಕಾಣುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳಬೇಕು. "ಮಗುವಿಗೆ ಇಮ್ಯುನಿಟಿ ಕಡಿಮೆ, ಅದಕ್ಕೇ ಹೀಗೆ" ಅನ್ನುವ ಮಾತು ನನ್ನ ಕ್ಲಿನಿಕ್‌ನಲ್ಲಿ ದಿನಾ ಕೇಳುತ್ತೇನೆ. ಅಲರ್ಜಿಯಲ್ಲಿ ರೋಗನಿರೋಧಕ ಶಕ್ತಿ ಕಡಿಮೆ ಇರುವುದಿಲ್ಲ. ಅದು ಬೇಡದ ಕಡೆ ಜಾಸ್ತಿ ಉರಿಯುತ್ತಿರುತ್ತದೆ. ಧೂಳಿನಲ್ಲಿರುವ, ಯಾವ ತೊಂದರೆಯನ್ನೂ ಕೊಡದ ಒಂದು ಪ್ರೋಟೀನನ್ನು ಮೈ ಶತ್ರು ಅಂತ ಗುರುತು ಹಾಕಿಕೊಂಡಿರುತ್ತದೆ. ಅದಕ್ಕೆ ಐಜಿಇ ಎಂಬ ಪ್ರತಿಕಾಯ ತಯಾರಾಗಿ ಮೂಗಿನ ಒಳಪದರದ ಕೋಶಗಳ ಮೇಲೆ ಕಾದು ಕೂತಿರುತ್ತದೆ. ಆ ಪ್ರೋಟೀನ್ ಮತ್ತೆ ಬಂದ ಕೂಡಲೇ ಹಿಸ್ಟಮಿನ್ ಬಿಡುಗಡೆಯಾಗಿ ತುರಿಕೆ, ಸೀನು, ನೀರು ಶುರು. ಹಾಗಾಗಿ ಇಮ್ಯುನಿಟಿ ಹೆಚ್ಚಿಸುತ್ತೇವೆ ಅಂತ ಮಾರುವ ಪುಡಿ, ಲೇಹ್ಯ, ಗಮ್ಮಿ ಯಾವುದಕ್ಕೂ ಇಲ್ಲಿ ಕೆಲಸವಿಲ್ಲ. ದುಡ್ಡು ಉಳಿಸಿ.

ಬೆಳಗ್ಗೆಯೇ ಯಾಕೆ ಜಾಸ್ತಿ? ರಾತ್ರಿಯೆಲ್ಲ ಮಗುವಿನ ಮೂಗು ದಿಂಬಿಗೆ ಒತ್ತಿಕೊಂಡಿರುತ್ತದೆ. ಆ ದಿಂಬು, ಹಾಸಿಗೆಯಲ್ಲಿ ಧೂಳಿನ ಹುಳಗಳಿರುತ್ತವೆ. ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲದ ಜೀವಿ, ಕಣ್ಣಿಗೆ ಕಾಣುವುದಿಲ್ಲ, ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಅಲರ್ಜಿ ಬರುವುದು ಮುಖ್ಯವಾಗಿ ಅದರ ಹಿಕ್ಕೆಯಿಂದ. ಇದಕ್ಕೆ ಕುಡಿಯಲು ನೀರು ಬೇಡ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಗಾಳಿಯ ತೇವಾಂಶ ಶೇ. 50ಕ್ಕಿಂತ ಕೆಳಗೇ ಇದ್ದರೆ ಒಣಗಿ ಸಾಯುತ್ತದೆ. ಬೆಂಗಳೂರಿನ ಮಳೆಗಾಲ ಇದಕ್ಕೆ ಹಬ್ಬ.

ತೀರ್ಥಹಳ್ಳಿಯ ಮಳೆಗಾಲವಂತೂ ಇನ್ನೂ ದೊಡ್ಡ ಹಬ್ಬ. ಹಾಗಾದರೆ ಊರಲ್ಲಿ ಯಾಕಿರಲಿಲ್ಲ ಅಂತ ನಿಮ್ಮ ಅತ್ತೆ ಕೇಳುತ್ತಾರೆ. ಅವರ ಮಾತಲ್ಲಿ ನಿಜ ಇದೆ. 1989ರಲ್ಲಿ ಡೇವಿಡ್ ಸ್ಟ್ರಾಚನ್ ಎಂಬ ವಿಜ್ಞಾನಿ ಬ್ರಿಟನ್ನಿನ 17,000ಕ್ಕೂ ಹೆಚ್ಚು ಮಕ್ಕಳ ಲೆಕ್ಕ ತೆಗೆದು ನೋಡಿದರು. ಮನೆಯಲ್ಲಿ ಅಣ್ಣ ಅಕ್ಕಂದಿರು ಹೆಚ್ಚಿದ್ದಷ್ಟೂ ಚಿಕ್ಕವರಿಗೆ ಮೂಗಿನ ಅಲರ್ಜಿ ಕಡಿಮೆ ಇತ್ತು. ದೊಡ್ಡ ಮಕ್ಕಳಿಂದ ಎಳವೆಯಲ್ಲೇ ಸೋಂಕು ತಗುಲುವುದು ಇದಕ್ಕೆ ಕಾರಣ ಇರಬಹುದು ಅಂತ ಅವರ ಊಹೆ. ಅಮೆರಿಕದಲ್ಲಿ ಆಮಿಶ್ ಮತ್ತು ಹಟರೈಟ್ ಅಂತ ಎರಡು ಸಮುದಾಯಗಳಿವೆ. ಇಬ್ಬರ ಮೂಲವೂ ಮಧ್ಯ ಯುರೋಪ್, ಊಟ ತಿಂಡಿಯೂ ಹೆಚ್ಚುಕಡಿಮೆ ಒಂದೇ. ಆಮಿಶರದು ಮನೆಗೆ ಅಂಟಿಕೊಂಡೇ ಇರುವ ಹಳೇ ಥರದ ಕೊಟ್ಟಿಗೆ, ಹಟರೈಟರದು ದೂರದ ಯಂತ್ರಗಳ ಡೇರಿ. ಆಮಿಶ್ ಮಕ್ಕಳಲ್ಲಿ ಅಸ್ತಮಾ, ಅಲರ್ಜಿ ಬಹಳ ಕಡಿಮೆ ಅಂತ 2016ರಲ್ಲಿ ಗೊತ್ತಾಯಿತು. ಅಂದರೆ ಎಳವೆಯಲ್ಲಿ ದನ, ಸಗಣಿ, ಮಣ್ಣಿನ ಒಡನಾಟ ಸ್ವಲ್ಪ ರಕ್ಷಣೆ ಕೊಡುತ್ತದೆ. ನಗರದ ಕಥೆಯೂ ಇದಕ್ಕೆ ಹೊಂದುತ್ತದೆ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ದಾಖಲೆ ಇಟ್ಟು, ಅಸ್ತಮಾ ಇದ್ದವರ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಯಿತು ಎಂದು ತೋರಿಸಿದ್ದರು. ವಾಹನದ ಹೊಗೆ ಮೂಗಿನ ಒಳಪದರವನ್ನು ಕೆರಳಿಸಿ ಇರುವ ಅಲರ್ಜಿಯನ್ನು ಇನ್ನೂ ಹದಗೆಡಿಸುತ್ತದೆ.

ಆದರೆ ಎರಡು ಮಾತು ಅತ್ತೆಗೆ ಮೆಲ್ಲಗೆ ಹೇಳಿ. ಮೂಗಿನ ಅಲರ್ಜಿ ಹುಟ್ಟಿದ ಕೂಡಲೇ ಕಾಣುವುದು ಕಡಿಮೆ, ಸಾಮಾನ್ಯವಾಗಿ ನಾಲ್ಕೈದು ವರ್ಷದ ಹೊತ್ತಿಗೆ ಮೇಲೆ ಬರುತ್ತದೆ. ನಿಮ್ಮ ಮಗ ಬೆಂಗಳೂರಿಗೆ ಬಂದಿದ್ದೂ ಅದೇ ವಯಸ್ಸಲ್ಲಿ. ಊರಲ್ಲೇ ಇದ್ದಿದ್ದರೂ ಬರುತ್ತಿತ್ತೋ ಏನೋ. ಇನ್ನೊಂದು, ಒಮ್ಮೆ ಅಲರ್ಜಿ ಬೇರೂರಿದ ಮೇಲೆ ಮಗುವನ್ನು ಊರಿಗೆ ಕಳಿಸಿದರೆ ಅದು ಅಳಿಸಿಹೋಗುವುದಿಲ್ಲ. ರಜೆಗೆ ಹೋಗಿ ಬರಲಿ, ಕೊಟ್ಟಿಗೆಯಲ್ಲಿ ಆಡಲಿ. ಅದನ್ನು ಚಿಕಿತ್ಸೆ ಅಂತ ಎಣಿಸಬೇಡಿ, ಅಷ್ಟೇ.

ಈಗ ನಿಮ್ಮ ಮುಖ್ಯ ಪ್ರಶ್ನೆ, ನೈಸರ್ಗಿಕ ದಾರಿ. ನನ್ನ ಲೆಕ್ಕದಲ್ಲಿ ಈ ತೊಂದರೆಗೆ ಅತ್ಯಂತ ನೈಸರ್ಗಿಕ ಚಿಕಿತ್ಸೆ ಅಂದರೆ ಮಗುವಿನ ಹಾಸಿಗೆಯಲ್ಲಿ ಇರುವುದನ್ನು ತೆಗೆಯುವುದು. ಬಾಯಿಗೆ ಏನು ಹಾಕಲಿ ಅಂತ ಕೇಳುವವರು ನೂರು ಜನ. ಮಗ ಯಾವುದರ ಮೇಲೆ ಮಲಗುತ್ತಾನೆ ಅಂತ ಯೋಚಿಸುವವರು ಕಡಿಮೆ.

ಊರಿಂದ ತಂದ ಹತ್ತಿ ಹಾಸಿಗೆ ಇದೆಯಾ? ಎಷ್ಟು ವರ್ಷದ್ದು? ಹಳೆಯದಾಗಿ ಗಂಟುಗಟ್ಟಿದ್ದರೆ ಮಗನ ಕೋಣೆಯಿಂದ ಅದನ್ನು ಹೊರಗೆ ಹಾಕಿ. ಹೊಸದು ತರಲು ಆಗದಿದ್ದರೆ ಹಾಸಿಗೆ, ದಿಂಬು ಎರಡಕ್ಕೂ ಪೂರ್ತಿ ಮುಚ್ಚುವ, ಜಿಪ್ ಇರುವ, ಒತ್ತಾಗಿ ನೇಯ್ದ ಕವರ್ ಹಾಕಿ. ಧೂಳಿನ ಹುಳ ದಾಟದಂಥ ಕವರ್ ಅಂತಲೇ ಕೇಳಿದರೆ ಸಿಗುತ್ತದೆ. ಬೆಡ್‌ಶೀಟ್, ದಿಂಬಿನ ಕವರ್, ಹೊದೆಯುವ ಚಾದರ ವಾರಕ್ಕೊಮ್ಮೆ 55 ರಿಂದ 60 ಡಿಗ್ರಿಯ ನೀರಲ್ಲಿ ಒಗೆಯಬೇಕು. ಕೈ ಇಡಲು ಆಗದಷ್ಟು ಬಿಸಿ ಅಂದುಕೊಳ್ಳಿ. ತಣ್ಣೀರಲ್ಲಿ ಎಷ್ಟು ಸೋಪು ಹಾಕಿದರೂ ಹುಳ ಸಾಯುವುದಿಲ್ಲ. ವಾಷಿಂಗ್ ಮಷಿನ್‌ನಲ್ಲಿ ಬಿಸಿನೀರಿನ ಆಯ್ಕೆ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಬಕೆಟ್ಟಿನ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಮಕ್ಕಳು ಹತ್ತಿರ ಬಾರದ ಹಾಗೆ ನೋಡಿಕೊಂಡು. ಕೌದಿ, ಕಂಬಳಿ, ರಜಾಯಿ ಇವನ್ನೆಲ್ಲ ವಾರ ವಾರ ಒಗೆಯಲು ಆಗುವುದಿಲ್ಲ ಅಲ್ವಾ? ಅವನ್ನು ದೊಡ್ಡವರು ಹೊದೆಯಲಿ, ಮಗನಿಗೆ ಒಗೆಯಬಹುದಾದ ಹತ್ತಿ ಹೊದಿಕೆ ಎರಡು ಇರಲಿ.

ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಹಳೇ ಪದ್ಧತಿ ಒಳ್ಳೆಯದು. ಒಣಗಿ ಹುಳ ಕಡಿಮೆಯಾಗುತ್ತದೆ. ಆದರೆ ಅದರ ಹಿಕ್ಕೆ ಬಿಸಿಲಿಗೆ ಹೋಗುವುದಿಲ್ಲ, ಅಲ್ಲೇ ಇರುತ್ತದೆ. ಒಣಗಿದ ಮೇಲೆ ಕೋಲಿನಿಂದ ಚೆನ್ನಾಗಿ ಬಡಿಯಿರಿ. ಬಡಿಯುವಾಗ ಮಗ ಅಲ್ಲಿ ಇರಬಾರದು. ಮೃದು ಗೊಂಬೆಗಳಲ್ಲಿ ಅವನಿಗೆ ಬೇಕೇ ಬೇಕಾದ ಒಂದನ್ನು ಮಾತ್ರ ಹಾಸಿಗೆಯಲ್ಲಿ ಬಿಡಿ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಆಮೇಲೆ ಒಗೆಯಿರಿ. ಪೊರಕೆಯಲ್ಲಿ ಒಣ ಕಸ ಗುಡಿಸುವುದು, ಫ್ಯಾನ್ ರೆಕ್ಕೆ ಒರೆಸುವುದು ಮಗ ಶಾಲೆಗೆ ಹೋದ ಮೇಲೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಒಳ್ಳೆಯದು. ದುಬಾರಿ ಏರ್ ಪ್ಯೂರಿಫೈಯರ್ ಬಗ್ಗೆ ಕೇಳುತ್ತಾರೆ. ಧೂಳಿನ ಹುಳದ ಕಣ ಭಾರ, ಗಾಳಿಯಲ್ಲಿ ನಿಲ್ಲದೆ ಬೇಗ ಕೆಳಗೆ ಕೂರುತ್ತದೆ. ಆ ದುಡ್ಡಿನಲ್ಲಿ ಹಾಸಿಗೆ ಕವರ್ ತಂದರೆ ಲಾಭ ಜಾಸ್ತಿ. ಬಾತ್‌ರೂಮಿನ ಪಕ್ಕದ ಗೋಡೆಯಲ್ಲಿ ಬೂಷ್ಟು ಇದ್ದರೆ ಅವನ ಮಂಚವನ್ನು ಅಲ್ಲಿಂದ ಸರಿಸಿ. ನೀರು ಎಲ್ಲಿಂದ ಜಿನುಗುತ್ತಿದೆ ಅಂತ ಮಾಲೀಕರಿಂದ ರಿಪೇರಿ ಮಾಡಿಸಿ, ಸುಮ್ನೆ ಮೇಲೆ ಬಣ್ಣ ಬಳಿದರೆ ಮತ್ತೆ ಬರುತ್ತದೆ. ಸಿಂಕ್ ಕೆಳಗಿನ ಜಿರಲೆಯೂ ಅಲರ್ಜಿಗೆ ಕಾರಣವೇ.

ಒಂದು ಮಾತು ಪೂಜೆ ಮಾಡುವವರಿಗೆ ಬೇಜಾರಾಗಬಹುದು. ಮುಚ್ಚಿದ ಮನೆಯಲ್ಲಿ ಊದುಬತ್ತಿ, ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿ ಮೂರೂ ಕೆರಳಿದ ಮೂಗಿಗೆ ಕೆಟ್ಟವು. ಸೊಳ್ಳೆಗೆ ಪರದೆ ಕಟ್ಟಿ. ದೇವರಿಗೆ ದೀಪ ಹಚ್ಚಿ, ಹೊಗೆ ಬೇಡ.

ಮನೆ ಹತ್ತಿರ ಖಾಲಿ ಸೈಟ್ ಇದ್ದರೆ ಅಲ್ಲಿ ಕಾಂಗ್ರೆಸ್ ಗಿಡ ಇರುವುದು ಖಾತ್ರಿ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಪಾರ್ಥೇನಿಯಂ ಈಗ ಎಲ್ಲ ಕಡೆ ಹಬ್ಬಿದೆ. ಅದರ ಪರಾಗ ಮೂಗಿಗೆ, ಅದರ ಎಲೆ ಚರ್ಮಕ್ಕೆ ಅಲರ್ಜಿ. ಮಳೆ ಬಿದ್ದ ಮೇಲೆ ಮೊಳೆತು ನಾಲ್ಕೈದು ವಾರದಲ್ಲಿ ಹೂ ಬಿಡುತ್ತದೆ. ಬಿಡುವ ಮೊದಲೇ ಗ್ಲೌಸ್ ಹಾಕಿಕೊಂಡು ಕೀಳಿಸಿ. ಫೆಬ್ರುವರಿ, ಮಾರ್ಚ್‌ನಲ್ಲಿ ಬೆಂಗಳೂರು ತುಂಬ ಅರಳುವ ಟಬೂಬಿಯಾಗೆ ಮಾತ್ರ ಬೈಯಬೇಡಿ. ಅಂಥ ಬಣ್ಣದ ದೊಡ್ಡ ಹೂವಿನ ಪರಾಗ ಭಾರ, ಅದನ್ನು ಜೇನುಹುಳ ಹೊರುತ್ತದೆ. ಗಾಳಿಯಲ್ಲಿ ತೇಲಿ ಬಂದು ಮೂಗು ಸೇರುವುದು ನಾವು ಗಮನಿಸದ ಹುಲ್ಲು, ಗಾಳಿಮರ, ಇದೇ ಕಾಂಗ್ರೆಸ್ ಗಿಡದ ಪರಾಗ.

ಕಾಡಿನ ಜೇನಿನ ನಂಬಿಕೆ ಕುಸಿಯುವುದೂ ಇಲ್ಲೇ. ಜೇನಲ್ಲಿ ಆ ಊರಿನ ಪರಾಗ ಇರುತ್ತದೆ, ಸ್ವಲ್ಪ ಸ್ವಲ್ಪ ತಿಂದರೆ ಮೈ ಒಗ್ಗಿಕೊಳ್ಳುತ್ತದೆ ಅನ್ನುವುದು ಅದರ ಹಿಂದಿನ ವಾದ. ಕೇಳಲು ಚೆನ್ನಾಗಿದೆ. ಆದರೆ ಜೇನಲ್ಲಿ ಇರುವುದು ಮುಖ್ಯವಾಗಿ ಹುಳ ಹೊತ್ತ ಹೂವಿನ ಪರಾಗ, ಅಲರ್ಜಿ ತರುವುದು ಗಾಳಿ ಹೊತ್ತ ಪರಾಗ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸ್ಥಳೀಯ ಹಸಿ ಜೇನು, ಸಾಮಾನ್ಯ ಜೇನು, ಜೇನಿನ ರುಚಿಯ ಸಕ್ಕರೆ ಪಾಕ ಮೂರನ್ನೂ ಕೊಟ್ಟು ಹೋಲಿಸಿ ನೋಡಿದ ಅಧ್ಯಯನ 2002ರಲ್ಲಿ ಬಂತು. ಮೂರರಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೇಲಾಗಿ ಧೂಳಿನ ಹುಳದ ಅಲರ್ಜಿಗೂ ಜೇನಿನ ಪರಾಗಕ್ಕೂ ಸಂಬಂಧವೇ ಇಲ್ಲ. ನೆಗಡಿಯ ಕೆಮ್ಮು ಇದ್ದಾಗ ಮಲಗುವ ಮುಂಚೆ ಒಂದು ಚಮಚ ಜೇನು ಕೊಡಿ, ಗಂಟಲಿಗೆ ಹಿತ, ಅದಕ್ಕೆ ಆಧಾರವಿದೆ. ಮಗಳಿಗೆ ಮಾತ್ರ ಒಂದು ವರ್ಷ ತುಂಬುವವರೆಗೆ ಒಂದು ತೊಟ್ಟೂ ನೆಕ್ಕಿಸಬೇಡಿ. ಜೇನಲ್ಲಿ ಬಾಟುಲಿಸಂ ರೋಗಾಣುವಿನ ಬೀಜಕಗಳು ಇರಬಹುದು. ಅಷ್ಟು ಚಿಕ್ಕ ಕರುಳಲ್ಲಿ ಅವು ಮೊಳೆತು ವಿಷ ಮಾಡುತ್ತವೆ. ಕಾಡಿನದು, ಶುದ್ಧ ಅಂದರೂ ಅಷ್ಟೇ.

ದೊಡ್ಡಪತ್ರೆ, ತುಳಸಿ, ಜೀರಿಗೆ ಮೆಣಸಿನ ಕಷಾಯ, ಅರಿಶಿನ ಹಾಲು: ಅಡುಗೆಯ ಪ್ರಮಾಣದಲ್ಲಿ ಕೊಟ್ಟರೆ ನನ್ನ ಅಡ್ಡಿ ಇಲ್ಲ. ಬಿಸಿಬಿಸಿ ಕುಡಿದರೆ ಮೂಗು ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಮಗುವಿಗೆ ಅಜ್ಜಿಯ ಆರೈಕೆ ಸಿಗುತ್ತದೆ. ಅಲರ್ಜಿ ಅದರಿಂದ ಹೋಗುವುದಿಲ್ಲ. ಮೆಣಸು ಜಾಸ್ತಿಯಾಗಿ ಹೊಟ್ಟೆ ಉರಿ ಅನ್ನುವ ಮಕ್ಕಳನ್ನು ನೋಡಿದ್ದೇನೆ, ಖಾರ ಕಡಿಮೆ ಇರಲಿ. ಜ್ಯೇಷ್ಠಮಧುವನ್ನು ಮಾತ್ರ ವಾರಗಟ್ಟಲೆ ದಿನಾ ಕೊಡಬೇಡಿ, ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ.

ನನಗೆ ಭಯ ಇರುವುದು ಬೇರೆ ಎರಡು ಮನೆಮದ್ದಿನ ಬಗ್ಗೆ. ಒಂದು, ಕುದಿಯುವ ನೀರಿನ ಪಾತ್ರೆ ಮುಂದೆ ಮಗುವನ್ನು ಕೂರಿಸಿ ಮೇಲೆ ಬೆಡ್‌ಶೀಟ್ ಮುಚ್ಚಿ ಆವಿ ಕೊಡುವುದು. ಮಗು ಒದ್ದಾಡುತ್ತದೆ, ಪಾತ್ರೆ ಮಗುಚುತ್ತದೆ, ನೀರು ನೇರ ತೊಡೆ ಮೇಲೆ. ಹೀಗೆ ಸುಟ್ಟುಕೊಂಡ ಮಕ್ಕಳು ಪ್ರತಿ ಮಳೆಗಾಲ ಬರುತ್ತಾರೆ. ಅಲರ್ಜಿಗೆ ಆವಿಯಿಂದ ಸಿಗುವ ಲಾಭ ಅಷ್ಟು ದೊಡ್ಡ ಅಪಾಯಕ್ಕೆ ತಕ್ಕದ್ದಲ್ಲ. ಎರಡು, ಕರ್ಪೂರ. ಓಂಕಾಳಿನ ಜೊತೆ ಬಟ್ಟೆಯಲ್ಲಿ ಕಟ್ಟಿ ತೊಟ್ಟಿಲಿಗೆ ಸಿಕ್ಕಿಸುವುದು, ಎಣ್ಣೆಯಲ್ಲಿ ಕರಗಿಸಿ ಎದೆಗೆ ಹಚ್ಚುವುದು. ಎಂಟು ತಿಂಗಳ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ. ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು. ನಿಮ್ಮ ಮನೆಯಲ್ಲಿ ಅದು ಎಲ್ಲಿದೆ, ಮೊದಲು ಎತ್ತಿಡಿ.

ನಾಟಿ ಔಷಧಿಯ ಹೆಸರಲ್ಲಿ ಪೊಟ್ಟಣದಲ್ಲಿ ಕಟ್ಟಿಕೊಡುವ, ಏನಿದೆ ಅಂತ ಬರೆದಿರದ ಪುಡಿಯಿಂದಲೂ ದೂರ ಇರಿ. ಎರಡೇ ದಿನದಲ್ಲಿ ಪವಾಡದಂತೆ ಉಸಿರು ಸಲೀಸಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರಬಹುದು ಅಂತ ನಾವು ಅನುಮಾನ ಪಡುತ್ತೇವೆ, ಅದೂ ಲೆಕ್ಕವಿಲ್ಲದ ಪ್ರಮಾಣದಲ್ಲಿ. ಭಸ್ಮ ಸೇರಿದ ಮದ್ದುಗಳಲ್ಲಿ ಸೀಸ, ಪಾದರಸದ ಚಿಂತೆಯೂ ಇದೆ. ಅಮೆರಿಕದ ಬಾಸ್ಟನ್‌ನಲ್ಲಿ ಮಾರುತ್ತಿದ್ದ ದಕ್ಷಿಣ ಏಷ್ಯಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಇಂಥ ಭಾರ ಲೋಹಗಳು ಸಿಕ್ಕಿದ್ದು 2004ರಲ್ಲಿ ವರದಿಯಾಯಿತು. ಆಯುರ್ವೇದ ವೈದ್ಯರ ಹತ್ತಿರ ಹೋಗುವುದಾದರೆ ಓದಿದವರ ಹತ್ತಿರ ಹೋಗಿ, ಮದ್ದಿನ ಹೆಸರು ಬರೆಸಿಕೊಳ್ಳಿ, ಮಗುವಿಗೆ ಭಸ್ಮ ಬೇಡ ಅಂತ ಕೇಳಿಕೊಳ್ಳಿ.

ಮೊಸರಿನ ವಿಷಯ. ಮಗನಿಗೆ ಮೊಸರನ್ನ ಇಷ್ಟವಾ? ಇವತ್ತೇ ಕೊಡಿ. ಮೊಸರು, ಬಾಳೆಹಣ್ಣು, ಕಿತ್ತಳೆ ತಿಂದರೆ ಕಫ ಕಟ್ಟುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ನಿಜವಾದ ಹಾಲಿನ ಅಲರ್ಜಿ ಇದ್ದರೆ ಕುಡಿದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮೈಮೇಲೆ ದದ್ದು, ವಾಂತಿ, ತುಟಿ ಊತ ಕಾಣುತ್ತದೆ. ಬರೀ ಬೆಳಗಿನ ಸೀನಾಗಿ ಬರುವುದಿಲ್ಲ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಮೊಸರು ಕೆರಳಿದ ಗಂಟಲಿಗೆ ಕಿರಿಕಿರಿ ಮಾಡಬಹುದು, ಹೊರಗಿಟ್ಟು ಕೊಡಿ. ಸೀನು ನಿಲ್ಲಲಿ ಅಂತ ವರ್ಷಗಟ್ಟಲೆ ಹಾಲು, ಹಣ್ಣು ನಿಲ್ಲಿಸಿದ ಮಕ್ಕಳು ನನ್ನ ಬಳಿ ಬರುವಾಗ ಸೀನೂ ಇರುತ್ತದೆ, ತೂಕವೂ ಕಡಿಮೆ ಇರುತ್ತದೆ.

ಇನ್ನೂರು ಆಹಾರದ ಪರೀಕ್ಷೆ ಮಾಡಿಸಬೇಡಿ. ಅಂಥ ಪ್ಯಾಕೇಜುಗಳಲ್ಲಿ ಹೆಚ್ಚಿನವು ನೋಡುವುದು ಐಜಿಜಿ ಅನ್ನುವ ಬೇರೆಯೇ ಪ್ರತಿಕಾಯವನ್ನು. ಅದು ಮಗು ಆ ಆಹಾರ ತಿಂದಿದೆ ಅನ್ನುವುದಕ್ಕೆ ರಶೀದಿ ಇದ್ದ ಹಾಗೆ. ಅಕ್ಕಿ, ಗೋಧಿ, ತೊಗರಿಬೇಳೆ ಎಲ್ಲದಕ್ಕೂ ಪಾಸಿಟಿವ್ ಬಂದು, ಮಗುವಿಗೆ ಏನು ತಿನ್ನಿಸಲಿ ಅಂತ ಅಳುತ್ತಾ ಬಂದ ತಾಯಂದಿರಿದ್ದಾರೆ. ಪರೀಕ್ಷೆ ಬೇಕಿದ್ದರೆ ಚರ್ಮದ ಮೇಲೆ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್ ಇದೆ. ಧೂಳಿನ ಹುಳ, ಜಿರಲೆ, ಪರಾಗ ಅಂತ ಅನುಮಾನ ಇರುವ ಕೆಲವನ್ನಷ್ಟೇ ನೋಡುತ್ತಾರೆ. ಐದಾರು ದಿನ ಮುಂಚೆ ಸೆಟ್ರಿಜಿನ್ ಥರದ ಮದ್ದು ನಿಲ್ಲಿಸಬೇಕಾಗುತ್ತದೆ. ಪಾಸಿಟಿವ್ ಬಂದರೂ ಲಕ್ಷಣಕ್ಕೆ ತಾಳೆ ಹಾಕಿಯೇ ಅರ್ಥ ಮಾಡಿಕೊಳ್ಳಬೇಕು.

ಮದ್ದಿಲ್ಲದೆ ಕೆಲಸ ಮಾಡುವ ಇನ್ನೊಂದು ಉಪಾಯ ಉಪ್ಪು ನೀರು. ನಮ್ಮ ಜಲನೇತಿಯ ಸರಳ ರೂಪ. ಚೆನ್ನಾಗಿ ಕುದಿಸಿ ಆರಿಸಿದ ಒಂದು ಲೋಟ ನೀರಿಗೆ, ಅಂದರೆ ಸುಮಾರು 250 ಮಿಲಿಗೆ, ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ಆಗದಿದ್ದರೆ ಮೆಡಿಕಲ್ ಶಾಪ್‌ನ ಸಲೈನ್ ಹನಿ ಅಥವಾ ಸ್ಪ್ರೇ. ದಿನಕ್ಕೆ ಎರಡು ಸಲ, ಅದರಲ್ಲೂ ಮಲಗುವ ಮುಂಚೆ. ಮೂಗಲ್ಲಿ ಕೂತ ಅಲರ್ಜಿ ಕಣಗಳನ್ನು ತೊಳೆದು ತೆಗೆಯುತ್ತದೆ. ಆರು ವರ್ಷದ ಮಗು ಸ್ವಲ್ಪ ರಂಪ ಮಾಡುತ್ತದೆ, ಅಪ್ಪ ಮೊದಲು ಮಾಡಿ ತೋರಿಸಿದರೆ ಒಪ್ಪುತ್ತದೆ. ನಲ್ಲಿ ನೀರು, ಟ್ಯಾಂಕ್ ನೀರು ಹಾಗೇ ಮೂಗಿಗೆ ಹಾಕಬೇಡಿ. ಅಪರೂಪವಾದರೂ, ಮಿದುಳಿಗೆ ಹತ್ತಿ ಪ್ರಾಣ ತೆಗೆಯುವ ಅಮೀಬಾ ಮೂಗಿನ ಮೂಲಕವೇ ಹೋಗುವುದು. ಕೇರಳದಲ್ಲಿ 2024ರಲ್ಲಿ ಇಂಥ ಪ್ರಕರಣಗಳು ಸುದ್ದಿಯಾಗಿದ್ದವು.

ಹಾಸಿಗೆ ಸರಿ ಮಾಡಿ, ಉಪ್ಪು ನೀರು ಹಾಕಿದ ಮೇಲೂ ಮಗ ಬಾಯಿ ತೆರೆದೇ ಮಲಗುತ್ತಿದ್ದರೆ ಸ್ಪ್ರೇ ಬೇಕು. ಮಕ್ಕಳಿಗೆ ಬಳಸುವ ಮೊಮೆಟಾಸೋನ್ ಎಂಬ ಸ್ಟಿರಾಯ್ಡ್ ಸ್ಪ್ರೇಯನ್ನೇ ಉದಾಹರಣೆಗೆ ನೋಡಿ. ಮೂಗಿನ ಹೊಳ್ಳೆಗೆ ಒಂದೊಂದು ಸಲ ಹೊಡೆದರೆ ದಿನಕ್ಕೆ 100 ಮೈಕ್ರೋಗ್ರಾಂ. ಜನ ಹೆದರುವ ಸ್ಟಿರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್, ಸಾಮಾನ್ಯವಾಗಿ ಸಿಗುವ ಒಂದು ಸಣ್ಣ ಮಾತ್ರೆ 5 ಮಿಲಿಗ್ರಾಂ, ಅಂದರೆ 5,000 ಮೈಕ್ರೋಗ್ರಾಂ. ಎರಡೂ ಒಂದೇ ಮದ್ದಲ್ಲ, ತೂಕಕ್ಕೆ ತೂಕ ಹೋಲಿಸಬಾರದು, ಆದರೆ ಅಳತೆಯ ಅಂದಾಜು ಸಿಗಲಿ ಅಂತ ಹೇಳಿದೆ. ಮಾತ್ರೆ ಇಡೀ ಮೈಗೆ ಹೋಗುತ್ತದೆ. ಸ್ಪ್ರೇ ಮೂಗಲ್ಲೇ ಉಳಿದು, ಶೇ. 1ಕ್ಕಿಂತ ಕಡಿಮೆ ರಕ್ತಕ್ಕೆ ಸೇರುತ್ತದೆ. ಅಪಾಯವೇ ಇಲ್ಲ ಅನ್ನುವುದಿಲ್ಲ. ಮೂಗಿನಿಂದ ಸ್ವಲ್ಪ ರಕ್ತ ಬರಬಹುದು. ಕೆಲವು ಸ್ಟಿರಾಯ್ಡ್ ಸ್ಪ್ರೇಗಳನ್ನು ಬಹಳ ಕಾಲ ಬಳಸಿದಾಗ ಎತ್ತರದ ಬೆಳವಣಿಗೆ ಒಂಚೂರು ನಿಧಾನವಾದದ್ದು ಕಂಡಿದೆ. ಅದಕ್ಕೇ ಕಡಿಮೆ ಪ್ರಮಾಣ, ಮೂರ್ನಾಲ್ಕು ತಿಂಗಳಿಗೊಮ್ಮೆ ಎತ್ತರ ಅಳೆಯುವುದು.

ಎರಡು ದಿನಕ್ಕೆ ಇದರ ಫಲ ಗೊತ್ತಾಗುವುದಿಲ್ಲ, ಪೂರ್ತಿ ಕೆಲಸಕ್ಕೆ ಎರಡು ವಾರ ಬೇಕು. ಹೊಡೆಯುವ ರೀತಿಯೂ ಮುಖ್ಯ. ಮಗ ತಲೆ ಸ್ವಲ್ಪ ಮುಂದೆ ಬಾಗಿಸಲಿ. ಸ್ಪ್ರೇ ತುದಿ ಮೂಗಿನ ನಡುಗೋಡೆ ಕಡೆ ಇರಬಾರದು, ಅದೇ ಬದಿಯ ಕಣ್ಣಿನ ಹೊರಮೂಲೆಯತ್ತ ಇರಬೇಕು. ಜೋರಾಗಿ ಒಳಗೆ ಎಳೆದರೆ ಮದ್ದು ಗಂಟಲಿಗೆ ಹೋಗುತ್ತದೆ, ಮೆಲ್ಲಗೆ ಉಸಿರಾಡಿದರೆ ಸಾಕು. ರಕ್ತ ಬರುವ ಮಕ್ಕಳಲ್ಲಿ ಎಷ್ಟೋ ಸಲ ತುದಿ ನಡುಗೋಡೆಗೆ ತಾಗಿರುತ್ತದೆ. ಹೆಸರಲ್ಲಿ ಮೂಗಿನ ಮದ್ದು ಅಂತಲೇ ಇರುವ, ಒಂದೇ ನಿಮಿಷದಲ್ಲಿ ಮೂಗು ಬಿಡಿಸುವ ಆಕ್ಸಿಮೆಟಜೋಲಿನ್, ಕ್ಸೈಲೋಮೆಟಜೋಲಿನ್ ಹನಿಗಳು ಬೇರೆ. ಅವನ್ನು ಮೂರು ದಿನಕ್ಕಿಂತ ಜಾಸ್ತಿ ಹಾಕಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟಲು ಶುರುವಾಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಇಮ್ಯುನೋಥೆರಪಿ ಇದೆ. ಯಾವುದಕ್ಕೆ ಅಲರ್ಜಿಯೋ ಅದನ್ನೇ ಅತಿ ಸಣ್ಣ ಪ್ರಮಾಣದಿಂದ ಶುರು ಮಾಡಿ ಮೈಗೆ ಒಗ್ಗಿಸುವುದು. 1911ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದಿಂದ ಇದನ್ನು ಆರಂಭಿಸಿದರು. ಜೇನು ಮಾಡುತ್ತದೆ ಅಂತ ನಿಮ್ಮ ಪಕ್ಕದ ಮನೆಯವರು ಹೇಳಿದ್ದನ್ನು ಅಳತೆ ಇಟ್ಟು ಮಾಡುವುದು ಇದು. ಮೂರರಿಂದ ಐದು ವರ್ಷ ಹಿಡಿಯುತ್ತದೆ, ಖರ್ಚಿದೆ. ಚುಚ್ಚುಮದ್ದಿನ ನಂತರ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು, ಹಾಗಾಗಿ ಪ್ರತಿ ಸಲ ಅರ್ಧ ಗಂಟೆ ಕ್ಲಿನಿಕ್‌ನಲ್ಲೇ ಕೂರಬೇಕು. ನಿಮ್ಮ ಮಗನಿಗೆ ಈಗಲೇ ಬೇಡ. ಸ್ಪ್ರೇ ಸರಿಯಾಗಿ ಬಳಸಿಯೇ ನೋಡಿಲ್ಲವಲ್ಲ.

ಕೆಲವು ಲಕ್ಷಣ ಕಂಡರೆ ಮನೆಯಲ್ಲಿ ಕಾಯಬೇಡಿ. ಎದೆಯಲ್ಲಿ ಸುಯ್ ಸುಯ್ ಶಬ್ದ, ಓಡಿದಾಗ ಅಥವಾ ನಸುಕಿನಲ್ಲಿ ಕೆಮ್ಮು, ಪಕ್ಕೆ ಒಳಗೆ ಎಳೆದುಕೊಳ್ಳುವುದು ಅಸ್ತಮಾದ ಸೂಚನೆ. ಆಗ ಇನ್ಹೇಲರ್ ಬಿಟ್ಟು ಕಷಾಯ ನಂಬುವಂತಿಲ್ಲ. ಮೃಗಶಿರದ ದಿನ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿಸಿ ಬಂದೆವು ಅನ್ನುವವರಿಗೂ ನಾನು ಹೇಳುವುದು ಇಷ್ಟೇ, ಇನ್ಹೇಲರ್ ಮಾತ್ರ ನಿಲ್ಲಿಸಬೇಡಿ. ಗೊರಕೆ ನಡುವೆ ಉಸಿರು ನಿಂತು ಮಗು ತಟ್ಟನೆ ಎದ್ದರೆ, ಮೂಗಿನ ಹಿಂದಿರುವ ಅಡಿನಾಯ್ಡ್ ಎಂಬ ಮಾಂಸದ ಗಂಟು ದಪ್ಪಗಾಗಿದೆಯಾ ನೋಡಿಸಬೇಕು. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬಂದರೆ ಅದು ಅಲರ್ಜಿಯಲ್ಲ. ಹುಣಸೆ ಬೀಜವೋ ಮಣಿಯೋ ಒಳಗೆ ಸಿಕ್ಕಿರುತ್ತದೆ.

ಇನ್ನು ಮಗಳು. ಇಸುಬು ಇರುವ ಮಕ್ಕಳಿಗೆ ಮುಂದೆ ಅಲರ್ಜಿ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ನಿಜ, ಬಂದೇ ಬರುತ್ತದೆ ಅಂತಲ್ಲ. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಮೈ ಒದ್ದೆ ಇರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ಶುದ್ಧ ಕೊಬ್ಬರಿ ಎಣ್ಣೆ. ಕಡ್ಲೆಹಿಟ್ಟು, ಹೆಸರುಹಿಟ್ಟು ಹಚ್ಚಿ ಉಜ್ಜುವುದನ್ನು ಸದ್ಯಕ್ಕೆ ಬಿಡಿ. ಕೆರಳಿದ ಚರ್ಮದ ಮೂಲಕ ಆಹಾರದ ಪ್ರೋಟೀನ್ ಒಳಗೆ ಹೋದರೆ ಅದಕ್ಕೇ ಅಲರ್ಜಿ ಹುಟ್ಟಬಹುದು. ಬಾಯಿಂದ ಹೋದರೆ ಹೆಚ್ಚಾಗಿ ಒಗ್ಗುತ್ತದೆ. ಹಾಗಾಗಿ ಮೊಟ್ಟೆ, ಶೇಂಗಾ ಮುಂದೂಡಬೇಡಿ. ಬ್ರಿಟನ್ನಿನ 640 ಶಿಶುಗಳ ಮೇಲಿನ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಎಳವೆಯಿಂದಲೇ ಶೇಂಗಾ ತಿಂದ ಮಕ್ಕಳಲ್ಲಿ ಶೇಂಗಾ ಅಲರ್ಜಿ ಶೇ. 80ರಷ್ಟು ಕಡಿಮೆ ಇತ್ತು. ಇಸುಬು ಮೈತುಂಬ ಇದ್ದರೆ ಅಥವಾ ಮೊಟ್ಟೆಗೆ ದದ್ದು ಎದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ. ಅವಳದು ಕೆನ್ನೆ ಮೇಲೆ ಸ್ವಲ್ಪ ಅಂದಿದ್ದೀರಿ, ಮನೆಯಲ್ಲೇ ಶುರು ಮಾಡಬಹುದು. ನಿಮ್ಮಲ್ಲಿ ಮೊಟ್ಟೆ ತಿನ್ನುವುದಾದರೆ ಪೂರ್ತಿ ಬೇಯಿಸಿ ಸ್ವಲ್ಪ ಕೊಡಿ. ಹುರಿದ ಶೇಂಗಾ ನುಣ್ಣಗೆ ಪುಡಿ ಮಾಡಿ ಕಾಲು ಚಮಚ ರಾಗಿ ಸರಿಗೆ ಕಲಸಿ, ಹಗಲು ಹೊತ್ತಲ್ಲಿ ಕೊಟ್ಟು ಎರಡು ಗಂಟೆ ಗಮನಿಸಿ. ಒಗ್ಗಿದರೆ ವಾರಕ್ಕೆ ಎರಡು ಮೂರು ಸಲ ಮುಂದುವರಿಸಿ. ಇಡೀ ಶೇಂಗಾ ಕಾಳನ್ನು ಮಾತ್ರ ಐದು ವರ್ಷ ಆಗುವವರೆಗೆ ಕೊಡಬೇಡಿ. ಅಲರ್ಜಿಯ ಭಯಕ್ಕಲ್ಲ, ಉಸಿರುನಾಳದಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ.